ಎರಡು ಕಿವಿಯ ಕುರಿ

ಗೋಕಾಕ
೧೮-೮-೧೯೫೩

ಹುಕ್ಕೇರಿ ಹೈಸ್ಕೂಲಿನ ಚಿತ್ರಕಲಾ ಶಿಕ್ಷಕರಾದ ಹೊಳೆಪ್ಪನವರಿಗೆ,

ಮೂರು ವರ್ಷಗಳ ನಂತರ ನಿಮಗೆ ಕಾಗದ ಬರೆಯುತ್ತಿದ್ದೇನೆ. ಬರೆಯುವ ಮನಸ್ಸಿರಲಿಲ್ಲ. ನನ್ನ ಮಗಳ ಮಗಳು ಚನ್ನವ್ವ ನಿಮ್ಮ ಕೈಕೆಳಗೆ ಚಿತ್ರ ಕಲಿಯುತ್ತಿದ್ದಾಳೆಂಬ ಒಂದೇ ಕಾರಣಕ್ಕೆ ಲೇಖನಿ ಹಿಡಿದಿದ್ದೇನೆ.

ಪಂಚಮಿಗೆ ಹುಡುಗಿ ಇಲ್ಲಿಗೆ ಬಂದಿದ್ದಳು. ಜೋಕಾಲಿಯಾಡಿ, ಉಂಡಿ ತಿಂದು ಮುಗಿದ ಮೇಲೆ, ಏನು ಕಲಿತಿದ್ದೀ ತೋರಿಸು ಎಂದೆ. ಚೀಲದಿಂದ ಒಂದು ಹಾಳೆ ತೆಗೆದು ಕೊಟ್ಟಳು. ತಂಬಿಗೆಯ ಚಿತ್ರವಂತೆ. ಹೊಟ್ಟೆ ಎದುರಿನಿಂದ ನೋಡಿದ್ದು. ಬಾಯಿ ಮಾತ್ರ ಮಾಳಿಗೆಯ ಮೇಲಿಂದ ಇಣುಕಿದ ಹಾಗೆ ರೊಟ್ಟಿಯಷ್ಟು ದುಂಡಗೆ. ತಳ ಬೇರೆಯೇ ಒಂದು ಕಡೆ. ಇದರ ಮೇಲೆ ಯಾರ ಚಕ್ಕಡಿ ಹಾಯಿತು ಎಂದು ಕೇಳಿದೆ. ಅವಳು ನಗಲಿಲ್ಲ. "ಇದಕ್ಕ ಕ್ಯೂಬಿಸಂ ಅಂತಾರ ಅಜ್ಜಾ. ಒಂದ ಕಡಿಂದ ನೋಡಿದ್ರ ಅರ್ಧಾ ತಂಬಿಗಿ ಅಷ್ಟ ಕಾಣತೈತಿ ಅಂತ ಸರ್ ಹೇಳ್ಯಾರ" ಎಂದಳು.

ಮೂವತ್ತೊಂದು ವರ್ಷ ನಾನು ಈ ಊರಲ್ಲಿ ಚಿತ್ರ ಕಲಿಸಿದ್ದೇನೆ. ಒಂದು ಕಣ್ಣು ಮುಚ್ಚು, ಕೈ ನೆಟ್ಟಗೆ ಚಾಚು, ಪೆನ್ಸಿಲಿನ ತುದಿ ತಂಬಿಗೆಯ ಬಾಯಿಗೆ, ಹೆಬ್ಬೆರಳು ತಳಕ್ಕೆ, ಅಳತೆ ಹಿಡಿ, ಆಮೇಲೆ ಗೆರೆ ಎಳೆ. ನಿಮಗೂ ಇದನ್ನೇ ಕಲಿಸಿದ್ದೆ. ಇದನ್ನು ಮರೆಯಲು ಮುಂಬಯಿಯಲ್ಲಿ ಎರಡು ವರ್ಷ ಹಿಡಿಯಿತೆಂದು ನನ್ನ ಬೀಳ್ಕೊಡುಗೆಯ ದಿನ ತುಂಬಿದ ಸಭೆಯಲ್ಲಿ ಭಾಷಣ ಮಾಡಿದಿರಿ. ಜನ ನಕ್ಕರು. ಕೊರಳಲ್ಲಿ ಹಾರವಿತ್ತಲ್ಲ, ನಾನೂ ನಕ್ಕೆ. ಅದು ಮುಗಿದ ಮಾತು, ಇಲ್ಲಿ ಬೇಡ.

ಈಗಿನ ಮಾತು ಇಷ್ಟು. ಸೆಪ್ಟೆಂಬರ್ ಕೊನೆಗೆ ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆ. ಚನ್ನವ್ವ ಪಾಸಾದರೆ ಧಾರವಾಡಕ್ಕೆ ಹೋಗಿ ಡ್ರಾಯಿಂಗ್ ಟೀಚರ್ ಕೋರ್ಸು ಮಾಡಬಹುದು. ಮೂಡಲಗಿಯಲ್ಲಿರುವ ಅವಳ ಅಪ್ಪ ಯಲ್ಲಾರಿ ಇದಕ್ಕೆ ಒಪ್ಪಿದ್ದು, ಅವಳನ್ನು ಹುಕ್ಕೇರಿಯ ಚಿಗವ್ವ ಉದ್ದವ್ವನ ಮನೆಯಲ್ಲಿ ಓದಲು ಬಿಟ್ಟದ್ದು, ಎಲ್ಲ ನನ್ನ ಕಾಟ ತಾಳಲಾರದೆ. ನಪಾಸಾದರೆ ಯುಗಾದಿಯೊಳಗೆ ಮದುವೆ. ಗಂಡು ನೋಡಿ ಇಟ್ಟಿದ್ದಾನೆ, ಮುನ್ನೂರು ಕುರಿಯ ಮನೆತನ. ಹುಡುಗಿಗೆ ಇನ್ನೂ ಹದಿನಾರು. ತಂಬಿಗೆ ತಂಬಿಗೆಯಂತೆ ಕಾಣದಿದ್ದರೆ ಪರೀಕ್ಷಕರು ಸೊನ್ನೆ ಹಾಕುತ್ತಾರೆ. ನಿಮ್ಮ ಮುಂಬಯಿ ಶೋಕಿಗೆ ನನ್ನ ಮೊಮ್ಮಗಳು ಬಲಿಯಾಗಬಾರದು.

ನಿಮಗೆ ಒಂದು ಕಾಲದಲ್ಲಿ ಮಾಸ್ತರನಾಗಿದ್ದ,
ಶೆಟ್ಟೆಪ್ಪ


ಹುಕ್ಕೇರಿ
೨೭-೮-೧೯೫೩

ಪೂಜ್ಯ ಮಾಸ್ತರರಿಗೆ,

ಮೇಲಿನ ಅಕ್ಷರ ನೋಡಿಯೇ ಯಾರ ಕಾಗದವೆಂದು ತಿಳಿಯಿತು. ಒಡೆಯಲು ಅರ್ಧ ತಾಸು ಹಿಡಿಯಿತು. ಐದನೆಯ ಇಯತ್ತೆಯಿಂದ ನನ್ನನ್ನು "ಲೇ ಹೊಳ್ಯಾ" ಎಂದು ಕರೆದವರು ಈಗ "ನೀವು" ಎಂದು ಬರೆದಿದ್ದೀರಿ. ನೀವು ಬೈದದ್ದಕ್ಕಿಂತ ಅದೇ ಹೆಚ್ಚು ನಾಟಿತು.

ಚನ್ನವ್ವ ತಂದದ್ದು ನನ್ನ ಪಾಠವೇ. ಇಲ್ಲವೆನ್ನುವುದಿಲ್ಲ. ನನ್ನ ಹತ್ತಿರ ಮುಂಬಯಿಯಿಂದ ತಂದ ಒಂದು ಹಾಳೆಯಿದೆ, ಪತ್ರಿಕೆಯಿಂದ ಕತ್ತರಿಸಿದ ಕಪ್ಪು ಬಿಳುಪಿನ ಚಿತ್ರ. ಮೇಜಿನ ಮೇಲೆ ಪಿಟೀಲು ಇಟ್ಟಿದ್ದಾರೆ. ನಲವತ್ತು ವರ್ಷದ ಹಿಂದೆ ಪ್ಯಾರಿಸ್ಸಿನ ಕೆಲವು ಹುಡುಗರು ಇಂಥ ಚಿತ್ರ ತೆಗೆಯತೊಡಗಿದಾಗ ಅಲ್ಲಿಯವರೂ ಬೈದರಂತೆ. ಮೊದಲ ದಿನ ನಾನೂ ಬೈದೆ. ಪಿಟೀಲಿನ ಮೈ ಒಂದು ಕಡೆ, ಬದಿ ಇನ್ನೊಂದು ಕಡೆ, ತಂತಿಗಳು ಎಲ್ಲೋ. ಆಮೇಲೆ ಕೊಣ್ಣೂರಿನ ನಮ್ಮ ಕಬ್ಬಿನ ಗಾಣ ನೆನಪಾಯಿತು. ಸಣ್ಣವನಿದ್ದಾಗ ಎತ್ತಿನ ಹಿಂದೆ ಗಾಣದ ಕಟ್ಟಿಗೆಯ ಮೇಲೆ ಕೂತು ಇಡೀ ದಿನ ಸುತ್ತುತ್ತಿದ್ದೆ. ನಮ್ಮ ಗಾಣದ ಚಿತ್ರ ತೆಗಿ ಎಂದರೆ ನಾನು ಯಾವ ಬದಿಯನ್ನು ತೆಗೆಯಲಿ? ಎಲ್ಲ ಬದಿಯೂ ನನಗೆ ಒಟ್ಟಿಗೇ ಗೊತ್ತು. ಆ ಹುಡುಗರು ಮಾಡಿದ್ದು ಅದನ್ನೇ. ತಾವು ಸುತ್ತಿ ನೋಡಿದ್ದನ್ನೆಲ್ಲ ಒಂದೇ ಹಾಳೆಯ ಮೇಲೆ ಇಟ್ಟರು.

ತರಗತಿಯಲ್ಲಿ ಎಂಟು ಮಕ್ಕಳಿದ್ದಾರೆ. ನಡುವೆ ತಂಬಿಗೆ ಇಟ್ಟು ಸುತ್ತಲೂ ಅವರನ್ನು ಕೂಡಿಸಿದೆ. ಒಬ್ಬರು ಮೇಲಿಂದ ನೋಡಬೇಕಲ್ಲ, ಚನ್ನವ್ವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಹೆಡ್‌ಮಾಸ್ತರರು ಬಂದು, ಹುಡುಗಿ ಏನು ತಪ್ಪು ಮಾಡಿದಳೆಂದು ನಿಲ್ಲಿಸಿದ್ದೀರಿ ಎಂದು ಕೇಳಿದರು. ತಂಬಿಗೆ ನೋಡುತ್ತಿದ್ದಾಳೆ ಎಂದೆ. ತಾವೂ ಒಮ್ಮೆ ತಂಬಿಗೆಯನ್ನು ಇಣುಕಿ ನೋಡಿ ಹೋದರು. ಆಮೇಲೆ ಎಂಟೂ ಚಿತ್ರಗಳನ್ನು ಕತ್ತರಿಸಿ, ಗೋಂದು ಹಚ್ಚಿ, ಒಂದೇ ಹಾಳೆಗೆ ಅಂಟಿಸಿದೆವು. ಮಾಸ್ತರರೆ, ಆ ದಿನ ಮಕ್ಕಳು ಗಂಟೆ ಹೊಡೆದರೂ ಏಳಲಿಲ್ಲ. ನಮ್ಮ ಮಕ್ಕಳು ಯಾವಾಗಲೂ ಹೆದರಿ ಹೆದರಿ ಗೆರೆ ಎಳೆಯುತ್ತಾರೆ, ತಪ್ಪಿದರೆ ಛಡಿ ಏಟು ಬೀಳುತ್ತದೆಯೆಂದು. ಆ ದಿನ ಒಬ್ಬರೂ ರಬ್ಬರ್ ಮುಟ್ಟಲಿಲ್ಲ. ಇದು ಶೋಕಿಯಲ್ಲ.

ಪರೀಕ್ಷೆಯ ಅಭ್ಯಾಸವೂ ನಡೆದಿದೆ. ನೀವು ಚಿಂತೆ ಮಾಡಬಾರದು.

ವಿಧೇಯ,
ಹೊಳೆಪ್ಪ


ಗೋಕಾಕ
೪-೯-೧೯೫೩

ಹೊಳೆಪ್ಪನವರಿಗೆ,

ನಿಮ್ಮ ಗಾಣದ ಪುರಾಣ ಓದಿದೆ.

ನಮ್ಮೂರಿನ ಗೊಂಬೆ ಮಾಡುವವರು ಕಟ್ಟಿಗೆಯಲ್ಲಿ ಬಾಳೆಹಣ್ಣು ಮಾಡಿ ಬಣ್ಣ ಹಚ್ಚುತ್ತಾರೆ. ಸಣ್ಣ ಮಕ್ಕಳು ಖರೆ ಹಣ್ಣೆಂದು ಕಚ್ಚಿ ಅಳುತ್ತವೆ. ಕಲೆಯೆಂದರೆ ಅದು. ನಿಮ್ಮ ಚಿತ್ರದ ತಂಬಿಗೆಯನ್ನು ನೋಡಿ ಯಾರಾದರೂ ನೀರು ಕುಡಿಯಲು ಕೈ ಚಾಚುತ್ತಾರೆಯೇ?

ವಾದ ಬೇಡ. ಮೊನ್ನೆ ಮೂಡಲಗಿಗೆ ಹೋಗಿದ್ದೆ. ಯಲ್ಲಾರಿ ಮುಖ ಕೊಟ್ಟು ಮಾತಾಡಲಿಲ್ಲ. "ಮಾವಾರ, ನಿಮ್ಮ ಮಾತಿಗಿ ಒಂದ ವರ್ಷ ಬಿಟ್ಟೇನ್ರಿ. ಪಾಸ್ ಆದ್ರ ನಿಮ್ಮ ಹುಡುಗಿ, ನಪಾಸ್ ಆದ್ರ ನನ್ನ ಹುಡುಗಿ" ಎಂದ. ಗಂಡಿನ ಕಡೆಯವರಿಗೆ ಆಗಲೇ ಮಾತು ಕೊಟ್ಟಂತಿದೆ. ಚನ್ನವ್ವನ ಅವ್ವ ಗುಡ್ಡವ್ವ ಒಳಗಿನಿಂದ ನನ್ನನ್ನೇ ನೋಡುತ್ತ ನಿಂತಿದ್ದಳು. ಅವಳನ್ನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಡಿಸಿದವನು ನಾನೇ. ಅವಳೂ ಚೆನ್ನಾಗಿ ಚಿತ್ರ ತೆಗೆಯುತ್ತಿದ್ದಳು.

ಪರೀಕ್ಷೆ ಮುಗಿಯುವವರೆಗೆ ಆ ಹಾಳೆಯನ್ನು ಒಳಗಿಡಿ. ಒಂದೇ ಕಡೆಯಿಂದ ನೋಡಿದ ತಂಬಿಗೆ, ಒಂದೇ ಕಡೆಯಿಂದ ನೋಡಿದ ಬುಟ್ಟಿ, ಬೆಳಕು ಎಡಗಡೆಯಿಂದ. ನನಗೆ ಮಾತು ಕೊಡಿ.

ಶೆಟ್ಟೆಪ್ಪ


ಹುಕ್ಕೇರಿ
೯-೯-೧೯೫೩

ಪೂಜ್ಯ ಮಾಸ್ತರರಿಗೆ,

ಮಾತು ಕೊಟ್ಟೆ. ಹಾಳೆಯನ್ನು ಟ್ರಂಕಿನ ತಳಕ್ಕೆ ಹಾಕಿದ್ದೇನೆ. ಇವತ್ತಿನಿಂದ ಬೆಳಕು ಎಡಗಡೆಯಿಂದ.

ಪಿಟೀಲು ಎಲ್ಲಿ ಹೋಯಿತು ಎಂದು ಮಕ್ಕಳು ಕೇಳಿದರು. ಗೋಕಾಕಕ್ಕೆ ಹೋಗಿದೆ, ಪರೀಕ್ಷೆ ಮುಗಿದ ಮೇಲೆ ಬರುತ್ತದೆ ಎಂದು ಹೇಳಿದ್ದೇನೆ.

ಗುಡ್ಡವ್ವನವರ ವಿಷಯ ನನಗೆ ಗೊತ್ತಿರಲಿಲ್ಲ.

ವಿಧೇಯ,
ಹೊಳೆಪ್ಪ


ಹುಕ್ಕೇರಿ
೨೮-೯-೧೯೫೩

ಪೂಜ್ಯ ಮಾಸ್ತರರಿಗೆ,

ಈ ಕಾಗದವನ್ನು ಎರಡು ಸಲ ಬರೆದು ಹರಿದು ಹಾಕಿದೆ. ನೇರವಾಗಿಯೇ ಹೇಳಿಬಿಡುತ್ತೇನೆ.

ಮೊದಲ ಎರಡು ದಿನ ಎಲ್ಲ ಚೆನ್ನಾಗಿ ಆಯಿತು. ವಸ್ತುಚಿತ್ರದಲ್ಲಿ ಕೊಡ ಮತ್ತು ಮೊರ ಇಟ್ಟಿದ್ದರು. ಚನ್ನವ್ವನ ಕೊಡ ನೋಡಿದರೆ ನೀವೂ ಒಪ್ಪುತ್ತಿದ್ದಿರಿ. ಕೊನೆಯ ದಿನ ನೆನಪಿನಿಂದ ತೆಗೆಯುವ ಚಿತ್ರ. ವಿಷಯ, ಸಂತೆಯಲ್ಲಿ ಕುರಿ ಕೊಳ್ಳುವ ರೈತ. ಹೊರಗೆ ನಿಂತು ಇದನ್ನು ಕೇಳಿದಾಗ ನನಗೆ ಕುಣಿಯುವಷ್ಟು ಸಂತೋಷವಾಯಿತು. ಕುರುಬರ ಹುಡುಗಿಗೆ ಕುರಿಯನ್ನು ಯಾರು ಹೇಳಿಕೊಡಬೇಕು?

ಮುಗಿದ ಮೇಲೆ, ಹೇಗೆ ತೆಗೆದೆ ಎಂದು ಕೇಳಿದೆ. ಸಾಲೆಯ ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಗೀರಿ ತೋರಿಸಿದಳು. ರೈತ ಸರಿಯಾಗಿದ್ದ. ಅವನ ಕೈಯ ಹಗ್ಗ, ಟಗರಿನ ಕಾಲು, ಕಾಲ ಕೆಳಗಿನ ನೆರಳು ಎಲ್ಲ ಸರಿ. ಟಗರು ಬದಿಯಿಂದ ನಿಂತಿದೆ, ಮುಖವೂ ಬದಿಯಿಂದ, ಒಂದೇ ಕಣ್ಣು. ಆದರೆ ಕಿವಿ ಎರಡು. ತಲೆಯ ಆಚೆಗೊಂದು ಈಚೆಗೊಂದು ಅಗಲವಾಗಿ ಬಿಚ್ಚಿಕೊಂಡು, ಎರಡರ ಒಳಮೈಯೂ ನಮ್ಮ ಕಡೆಗೇ. ಯಾವ ಟಗರೂ ಹಾಗೆ ನಿಲ್ಲಲಾರದು.

"ಯಾಕವ್ವಾ ಹಿಂಗ ತಗದಿ?" ಎಂದೆ.

"ಎರಡೂ ಕಿವಿ ಕಾಣಬೇಕಲ್ರಿ ಸರ್" ಎಂದಳು.

ಮುಂದೆ ಕೇಳುವ ಧೈರ್ಯ ನನಗಾಗಲಿಲ್ಲ. ಹಾಳೆಯನ್ನು ಟ್ರಂಕಿನಲ್ಲಿಟ್ಟರೂ ಪಾಠ ಅವಳ ಕೈಯಲ್ಲಿ ಉಳಿದುಬಿಟ್ಟಿತ್ತು. ಮಾತು ಕೊಟ್ಟೆ, ಮಾತು ಉಳಿಸಿಕೊಳ್ಳಲಿಲ್ಲ. ಅವಳಿಗೆ ತಾನು ತಪ್ಪು ಮಾಡಿದ್ದೇನೆಂಬುದೇ ತಿಳಿದಿಲ್ಲ, ಪಾಸಾಗುತ್ತೇನೆಂದು ನಗುತ್ತ ಮನೆಗೆ ಹೋದಳು. ನಾನು ಆ ಮಣ್ಣಿನ ಟಗರನ್ನು ಕಾಲಿಂದ ಅಳಿಸಿ ಬಂದೆ. ನನಗೆ ಇದರಷ್ಟು ನಾಚಿಕೆ ಬೇರೆ ಯಾವುದರಿಂದಲೂ ಆಗಿಲ್ಲ.

ನಾನೇ ಮೂಡಲಗಿಗೆ ಹೋಗಿ ಯಲ್ಲಾರಿಯವರ ಮುಂದೆ ತಪ್ಪು ನನ್ನದೆಂದು ಹೇಳಬಲ್ಲೆ. ಹೋಗು ಎಂದರೆ ಹೋಗುತ್ತೇನೆ.

ಹೊಳೆಪ್ಪ


ಹುಕ್ಕೇರಿ
೨೦-೧೦-೧೯೫೩

ಪೂಜ್ಯ ಮಾಸ್ತರರಿಗೆ,

ಉತ್ತರ ಬರಲಿಲ್ಲ. ಬರುವುದೆಂದು ನಾನೂ ಎಣಿಸಿರಲಿಲ್ಲ.

ದಸರೆಗೆ ನಿಮಗೆ ಬನ್ನಿ ಎಲೆ ಕೊಡಲು ಗೋಕಾಕಕ್ಕೆ ಬಂದಿದ್ದೆ. ನಿಮ್ಮ ಓಣಿಯ ತುದಿಯವರೆಗೂ ಬಂದೆ. ನೀವು ಕಟ್ಟೆಯ ಮೇಲೆ ಕೋಟು ಹಾಕಿಕೊಂಡು ಕೂತಿದ್ದಿರಿ, ಜನ ಬಂದು ಬನ್ನಿ ಕೊಟ್ಟು ಕಾಲು ಮುಟ್ಟಿ ಹೋಗುತ್ತಿದ್ದರು. ನನ್ನ ಕೈಯ ಬನ್ನಿಯನ್ನು ಅಲ್ಲಿಯೇ ಒಂದು ಗೋಡೆಯ ಮೇಲಿಟ್ಟು ಬಸ್ಸು ಹಿಡಿದೆ.

ಹೇಳಬೇಕಾದ್ದನ್ನು ಈಗ ಬರೆಯುತ್ತೇನೆ. ಆ ಬೀಳ್ಕೊಡುಗೆಯ ದಿನ ನಾನು ಆಡಿದ ಮಾತು ನನ್ನ ಸೊಕ್ಕಿನ ಮಾತು. ಜನ ನಗಲಿ ಎಂದು ಆಡಿದೆ. ಅದು ಸುಳ್ಳು ಕೂಡ. ಮುಂಬಯಿಯಲ್ಲಿ ನನ್ನ ಜೊತೆಯವರು ಅಳತೆ ತಪ್ಪಿದಾಗ ನೀವು ಕಲಿಸಿದ ಅಳತೆಗಾಗಿ ನನ್ನ ಹತ್ತಿರ ಬರುತ್ತಿದ್ದರು. ಮೂರು ವರ್ಷ ಇದನ್ನು ಹೇಳದೆ ಇದ್ದೆ. ಕ್ಷಮಿಸಿ ಎಂದು ಕೇಳುವುದಿಲ್ಲ, ಚನ್ನವ್ವನಿಗೆ ಇಷ್ಟು ಮಾಡಿದ ಮೇಲೆ ಯಾವ ಬಾಯಿಂದ ಕೇಳಲಿ.

ಹೊಳೆಪ್ಪ


ಹುಕ್ಕೇರಿ
೧೦-೧೧-೧೯೫೩

ಅಜ್ಜನಿಗೆ ಮತ್ತು ಅಜ್ಜಿಗೆ ಚನ್ನವ್ವ ಮಾಡುವ ನಮಸ್ಕಾರ.

ದೀಪಾವಳಿಗೆ ಮೂಡಲಗಿಗೆ ಹೋಗಿ ಬಂದೆ. ಎಲ್ಲರೂ ಆರಾಮ ಇದ್ದಾರೆ. ನಮ್ಮ ಕರಿ ಕುರಿ ಎರಡು ಮರಿ ಹಾಕಿದೆ.

ಅಜ್ಜಾ, ನಮ್ಮ ಸರ್ ಈಗ ತರಗತಿಯಲ್ಲಿ ನಗುವುದಿಲ್ಲ. ಪಿಟೀಲಿನ ಹಾಳೆ ತೋರಿಸಿರಿ, ಪರೀಕ್ಷೆ ಮುಗಿಯಿತಲ್ಲ ಎಂದು ನಾವೆಲ್ಲ ಕೇಳಿದೆವು. ಇನ್ನು ಅದನ್ನು ಕಲಿಸುವುದಿಲ್ಲ ಎಂದರು. ಮೊನ್ನೆ ಚಿಗವ್ವನ ಮನೆಗೆ ಬಂದು ನಿಮ್ಮ ಪ್ರಕೃತಿ ಹೇಗಿದೆ ಎಂದು ಕೇಳಿದರು. ಚಿಗವ್ವ ಚಹಾ ಕೊಟ್ಟು ಸಮಾಧಾನವಾಗಿ ಕೇಳಿದ ಮೇಲೆ ಎಲ್ಲ ಹೇಳಿದರು. ನಾನು ಎರಡು ಕಿವಿ ತೆಗೆದದ್ದು ಅವರಿಂದಲೇ ಎಂದು ತಿಳಿದಿದ್ದಾರೆ. ಕೇಳಿ ನನಗೆ ಬಹಳ ಕೆಟ್ಟನಿಸಿತು. ಅವರ ಮುಂದೆ ಬಾಯಿ ಬರಲಿಲ್ಲ, ಅದಕ್ಕೆ ನಿಮಗೆ ಬರೆಯುತ್ತಿದ್ದೇನೆ.

ಕುರಿಗೆ ಎರಡು ಕಿವಿ ತೆಗೆಯುವುದನ್ನು ನನಗೆ ಕಲಿಸಿದವರು ಸರ್ ಅಲ್ಲ. ನೀವು. ನಾನು ಸಾಲೆಗೆ ಹೋಗುವ ಮೊದಲು ನಿಮ್ಮ ಹಿತ್ತಲ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಕುರಿ ತೆಗೆದಿದ್ದೆ. ಒಂದೇ ಕಿವಿ ಹಾಕಿದ್ದೆ. ನೀವು ಬಂದು ನೋಡಿ, "ಯಾರ ಕುರಿ ಇದು?" ಎಂದಿರಿ. ನಮ್ಮದು ಎಂದೆ. "ನಮ್ಮದ ಅಂತ ಹೆಂಗ ಹೇಳತಿ? ಎಡಗಿವಿ ಸೀಳಿದ ಕುರಿ ಹತ್ತು ಮಂದೀವು ಇರತಾವು. ಬಲಗಿವ್ಯಾಗ ಎರಡ ಕಚ್ಚು ಇದ್ರ ಅಷ್ಟ ನಮ್ಮದು. ಎರಡೂ ತಗಿ" ಎಂದಿರಿ. ಆಮೇಲೆ ನನ್ನ ಕೈ ಹಿಡಿದು ನೀವೇ ಇನ್ನೊಂದು ಕಿವಿ ಹಾಕಿಸಿದಿರಿ. ಅವತ್ತಿನಿಂದ ನಾನು ಒಂದೇ ಕಿವಿಯ ಕುರಿ ತೆಗೆದಿಲ್ಲ. ಸಂತೆಯಲ್ಲಿ ಕುರಿ ಕೊಳ್ಳುವವನು ಮೊದಲು ಎರಡೂ ಕಿವಿ ಹಿಡಿದು ಒಡೆಯನ ಗುರುತು ನೋಡುತ್ತಾನೆ, ಇಲ್ಲದಿದ್ದರೆ ಕಳುವಿನ ಕುರಿ ಕೊಂಡಂತೆ. ಪರೀಕ್ಷೆಯಲ್ಲಿ ಅದನ್ನೇ ತೆಗೆದೆ. ಕ್ಯೂಬಿಸಂ ಅಂತ ನನ್ನ ತಲೆಯಲ್ಲಿ ಇರಲೇ ಇಲ್ಲ.

ಇನ್ನೊಂದು ಮಾತು. ಸರ್ ನಮಗೆ ತಂಬಿಗೆಯ ಎಲ್ಲ ಬದಿ ಕಲಿಸುವ ಮೊದಲು ಒಂದು ಕಣ್ಣು ಮುಚ್ಚಿಸಿ, ಪೆನ್ಸಿಲ್ ಹಿಡಿಸಿ, ಒಂದೇ ಬದಿಯಿಂದ ಹತ್ತು ಸಲ ತೆಗೆಸುತ್ತಿದ್ದರು. "ಮೊದಲ ನನ್ನ ಮಾಸ್ತರ್ದು ಹತ್ತು, ಆಮ್ಯಾಲೆ ನನ್ನದು ಒಂದು" ಎನ್ನುತ್ತಿದ್ದರು. ನನ್ನ ಮಾಸ್ತರ್ ಅಂದರೆ ನೀವೇ ಅಂತ ನನಗೆ ಪಂಚಮಿಯಲ್ಲಿ ಗೊತ್ತಾಯಿತು. ಆ ದಿನ ನೀವು ಸಿಟ್ಟಿನಲ್ಲಿದ್ದಿರಿ, ಹೇಳಲಿಲ್ಲ.

ಅಜ್ಜಾ, ನಾನು ನಪಾಸಾಗುತ್ತೇನೆಯೇ? ಸರ್ ಮುಖ ನೋಡಿದರೆ ಹೆದರಿಕೆಯಾಗುತ್ತದೆ. ಆ ಮುನ್ನೂರು ಕುರಿಯ ಮನೆಯವರು ದೀಪಾವಳಿಗೆ ಬಂದು ಹೋದರು. ನನಗೆ ಅಲ್ಲಿಗೆ ಹೋಗುವ ಮನಸ್ಸಿಲ್ಲ.

ನಿಮ್ಮ ಮೊಮ್ಮಗಳು,
ಚನ್ನವ್ವ


ಗೋಕಾಕ
೧೫-೧೧-೧೯೫೩

ಹೊಳ್ಯಾ,

ಚನ್ನವ್ವನ ಕಾಗದ ಬಂದಿದೆ. ಇದರ ಜೊತೆ ಇಟ್ಟಿದ್ದೇನೆ, ಮೊದಲು ಅದನ್ನು ಓದು, ಆಮೇಲೆ ಇದನ್ನು.

ಓದಿದೆಯಾ? ನಾನು ಆ ಗೋಡೆಯ ಸಂಗತಿಯನ್ನು ಪೂರ್ತಿ ಮರೆತಿದ್ದೆ. ಹುಡುಗಿ ಕಥೆ ಕಟ್ಟಿದ್ದಾಳೆ ಎಂದುಕೊಂಡೆ. ಹಿತ್ತಲಿಗೆ ಹೋದೆ. ಗೋಡೆಗೆ ಒತ್ತಿ ಸೆಗಣಿಯ ಕುಳ್ಳು ಒಟ್ಟಿದೆ, ಏನೂ ಕಾಣುವುದಿಲ್ಲ. ಪ್ರತಿ ವರ್ಷ ಸುಣ್ಣ ಹಚ್ಚುವ ಗೋಡೆ, ಇನ್ನೇನು ಉಳಿದೀತು ಎಂದು ತಿರುಗಿದೆ. ನನ್ನ ಹೆಂಡತಿ ದುಂಡವ್ವ ಒಳಗಿನಿಂದ ಬಂದು ಒಂದೊಂದೇ ಕುಳ್ಳು ತೆಗೆದು ಬಾಜೂಕ್ಕಿಟ್ಟಳು. ಕುರಿ ಅಲ್ಲಿಯೇ ಇತ್ತು. ಇದ್ದಿಲು ಮಾಸಿದೆ, ಆದರೆ ಎಡಗಿವಿಯ ಸೀಳು ಕಾಣುತ್ತದೆ, ಬಲಗಿವಿಯ ಎರಡು ಕಚ್ಚೂ ಕಾಣುತ್ತವೆ. ಹತ್ತು ವರ್ಷದಿಂದ ಸುಣ್ಣ ಹಚ್ಚುವವರಿಗೆ ಅಷ್ಟು ಜಾಗ ಬಿಡಿಸಿ, ಮುಂದೆ ಕುಳ್ಳು ಒಟ್ಟುತ್ತಿದ್ದಳಂತೆ. ನನಗೆ ಯಾಕೆ ಹೇಳಲಿಲ್ಲ ಎಂದೆ. "ನೀವ ತಗದದ್ದು, ನೀವ ಮರತ್ರಿ. ನಾ ಏನ್ ಹೇಳ್ಲಿ" ಎಂದಳು.

ಬಲಗಿವಿಯ ಗೆರೆ ನನ್ನದೇ. ನನ್ನ ಗೆರೆ ನನಗೆ ಗೊತ್ತಾಗುವುದಿಲ್ಲವೇ? ಬದಿಯಿಂದ ನಿಂತ ಕುರಿಗೆ ನಾನೇ, ಒಂದೇ ಕಣ್ಣು ಮುಚ್ಚಿ ಅಳತೆ ಹಿಡಿಯುವ ಶೆಟ್ಟೆಪ್ಪ ಮಾಸ್ತರನೇ, ಇಲ್ಲದ ಕಡೆ ಕಿವಿ ಹಚ್ಚಿದ್ದೇನೆ. ಸಾಲೆಯಲ್ಲಿ ಕಲಿಸಿದ್ದು ಸರಕಾರದ ಕುರಿ, ಮನೆಯಲ್ಲಿ ತೆಗೆದದ್ದು ನಮ್ಮಪ್ಪನ ಕುರಿ. ಎರಡೂ ನನ್ನ ಕೈಯಿಂದಲೇ ಬಂದವು, ನನಗೇ ಗೊತ್ತಾಗಲಿಲ್ಲ. ಅಲ್ಲಿಯೇ ಕುಳ್ಳಿನ ಪಕ್ಕ ಕೂತು ಬಹಳ ಹೊತ್ತು ನಕ್ಕೆ. ನಗು ಮುಗಿದ ಮೇಲೆ ಸಂಕಟವಾಯಿತು.

ಸಂಕಟ ಯಾಕೆಂದರೆ, ನಿನ್ನ ಸೆಪ್ಟೆಂಬರ್ ಕಾಗದ ಬಂದ ದಿನ ನಾನು ನಿನ್ನ ಹೆಡ್‌ಮಾಸ್ತರರಿಗೆ ಒಂದು ಪತ್ರ ಬರೆದೆ. ಈ ಮನುಷ್ಯನಿಗೆ ಮಕ್ಕಳನ್ನು ಕೊಡಬೇಡಿ, ಬುದ್ಧಿ ಕೆಡಿಸುತ್ತಾನೆ ಎಂದು. ನನ್ನ ಹೆಸರಿಗೆ ಈ ಭಾಗದಲ್ಲಿ ಇನ್ನೂ ಬೆಲೆಯಿದೆ, ನಿನ್ನ ನೌಕರಿ ಹೋಗುತ್ತಿತ್ತು. ಎರಡು ಸಲ ಅಂಚೆ ಪೆಟ್ಟಿಗೆಯವರೆಗೆ ಹೋದೆ. ಸ್ಟಾಂಪು ಇಲ್ಲವೆಂದು ತಿರುಗಿ ಬಂದೆ. ಸ್ಟಾಂಪು ಇತ್ತು. ನಲವತ್ತಾರು ದಿನ ಆ ಪತ್ರ ನನ್ನ ಕೋಟಿನ ಕಿಸೆಯಲ್ಲಿತ್ತು. ದಸರೆಯ ದಿನ ನೀನು ಓಣಿಯ ತುದಿಯಲ್ಲಿ ನಿಂತಿದ್ದನ್ನು ನಾನು ನೋಡಿದೆ, ಕರೆಯಲಿಲ್ಲ. ಆಗಲೂ ಕಿಸೆಯಲ್ಲಿ ಅದೇ ಇತ್ತು. ಇವತ್ತು ಬೆಳಿಗ್ಗೆ ಒಲೆಗೆ ಹಾಕಿದೆ. ಮನಸ್ಸು ಹಗುರಾಯಿತು.

ಹುಡುಗಿ ಪಾಸಾಗುತ್ತಾಳೋ ಇಲ್ಲವೋ ನನಗೂ ಗೊತ್ತಿಲ್ಲ. ಕುರಿ ಕಂಡ ಪರೀಕ್ಷಕ ಸಿಗಬೇಕು. ಸಿಗದಿದ್ದರೆ ಮೂಡಲಗಿಗೆ ನಾನೇ ಹೋಗುತ್ತೇನೆ. ತಪ್ಪು ಅಜ್ಜನದು, ಹುಡುಗಿಯನ್ನು ಇನ್ನೊಂದು ಸಲ ಪರೀಕ್ಷೆಗೆ ಕೂಡಿಸು ಎಂದು ಯಲ್ಲಾರಿಯ ಮನೆ ಮುಂದೆ ಕೂಡುತ್ತೇನೆ. ಗುಡ್ಡವ್ವನ ವಿಷಯದಲ್ಲಿ ಮಾಡಿದ್ದನ್ನು ಮತ್ತೆ ಮಾಡುವುದಿಲ್ಲ.

ಬನ್ನಿಯನ್ನು ಗೋಡೆಯ ಮೇಲಿಟ್ಟು ಹೋದೆಯಂತೆ, ಆಡು ತಿಂದಿತು. ಮುಂದಿನ ವರ್ಷ ಕೈಗೆ ಕೊಡು.

ನಿನ್ನ ಮಾಸ್ತರ,
ಶೆಟ್ಟೆಪ್ಪ


ಹುಕ್ಕೇರಿ
೨-೧-೧೯೫೪

ಪೂಜ್ಯ ಮಾಸ್ತರರಿಗೆ,

ಪಾಸು. ಬಿ ಗ್ರೇಡ್.

ಮೊದಲು ಇಷ್ಟೇ ಬರೆದು ಕಾರ್ಡು ಹಾಕಬೇಕೆಂದಿದ್ದೆ, ಕೈ ನಿಲ್ಲಲಿಲ್ಲ. ನಿನ್ನೆ ಮಧ್ಯಾಹ್ನ ಪಟ್ಟಿ ಬಂತು. ಹೆಡ್‌ಮಾಸ್ತರರು ಓದುವಾಗ ನಾನು ಗೋಡೆಗೆ ಒರಗಿ ನಿಂತಿದ್ದೆ. ಚನ್ನವ್ವನ ಹೆಸರು ಬಂದಾಗ ಕೂತುಬಿಟ್ಟೆ, ಕುರ್ಚಿ ಎಲ್ಲಿದೆಯೆಂದೂ ನೋಡಲಿಲ್ಲ. ಹುಡುಗಿ ಮೊದಲು ನನ್ನನ್ನು ಎಬ್ಬಿಸಿ, ಆಮೇಲೆ ಅತ್ತಳು.

ಎಂಟರಲ್ಲಿ ಆರು ಮಂದಿ ಪಾಸು. ಬಿದ್ದ ಇಬ್ಬರೂ ಒಂದೇ ಕಿವಿಯ ಕುರಿ ತೆಗೆದಿದ್ದರು. ಅವರು ಬಿದ್ದದ್ದು ಭೂಮಿತಿಯಲ್ಲಿ, ಇದರಿಂದ ಏನೂ ಸಿದ್ಧವಾಗುವುದಿಲ್ಲ, ಆದರೂ ನಿಮಗೆ ಹೇಳಬೇಕೆನಿಸಿತು. ನಮ್ಮ ಚಿತ್ರವನ್ನು ನೋಡಿದ ಪರೀಕ್ಷಕರು ಯಾರೋ, ಏನು ಅಂದುಕೊಂಡರೋ, ಎಂದಿಗೂ ಗೊತ್ತಾಗುವುದಿಲ್ಲ.

ಇವತ್ತು ಬೆಳಗಿನ ಬಸ್ಸಿಗೆ ನಾನೂ ಉದ್ದವ್ವನವರೂ ಚನ್ನವ್ವನನ್ನು ಕರೆದುಕೊಂಡು ಮೂಡಲಗಿಗೆ ಹೋಗಿ ಬಂದೆವು. ಯಲ್ಲಾರಿಯವರು ಹಟ್ಟಿಯಲ್ಲಿದ್ದರು. ಸಂಗತಿ ಹೇಳಿದೆ. ಕುರಿಯ ಚಿತ್ರಕ್ಕೆ ನಾವೆಲ್ಲ ಎಷ್ಟು ಹೆದರಿದ್ದೆವು ಎಂದೂ ಹೇಳಿದೆ. ಅವರಿಗೆ ನಮ್ಮ ಹೆದರಿಕೆಯೇ ಅರ್ಥವಾಗಲಿಲ್ಲ. "ಎರಡೂ ಕಿವಿ ತಗದಾಳಲ್ರಿ. ಮತ್ತ ನಪಾಸ್ ಹೆಂಗ ಮಾಡತಾರು?" ಎಂದರು. ಧಾರವಾಡಕ್ಕೆ ಜೂನ್‌ನಲ್ಲಿ ತಾವೇ ಬಿಟ್ಟು ಬರುತ್ತಾರಂತೆ. ಗಂಡಿನ ಕಡೆಯವರಿಗೆ ಏನು ಹೇಳುತ್ತೀರಿ ಎಂದೆ. ಅವರದು ಬಲಗಿವಿಗೆ ಒಂದೇ ಕಚ್ಚು, ನಮಗೆ ಸರಿಹೋಗುವುದಿಲ್ಲ ಎಂದು ನಕ್ಕರು. ಗುಡ್ಡವ್ವನವರು ಪಟ್ಟಿಯ ನಕಲನ್ನು ಕೇಳಿ ತೆಗೆದುಕೊಂಡರು. ಓದಲು ಬರುವಷ್ಟು ಸಾಲೆ ಕಲಿತಿದ್ದೇನೆ, ಅಪ್ಪನಿಗೆ ತಿಳಿಸಿ ಎಂದರು.

ಪಿಟೀಲು ಟ್ರಂಕಿನಿಂದ ಹೊರಗೆ ಬಂದಿದೆ. ಸೋಮವಾರ ಮಕ್ಕಳಿಗೆ ತೋರಿಸುತ್ತೇನೆ. ನಿಮ್ಮದು ಹತ್ತು, ನನ್ನದು ಒಂದು.

ನಿಮ್ಮ ಹೊಳ್ಯಾ


ಗೋಕಾಕ
೯-೧-೧೯೫೪

ಹೊಳ್ಯಾ,

ಕಾಗದ ಬಂದಾಗ ನಾನು ಸ್ನಾನಕ್ಕೆ ಕೂತಿದ್ದೆ. ದುಂಡವ್ವ ಬಾಗಿಲ ಹೊರಗೆ ನಿಂತು, ಪಕ್ಕದ ಮನೆಯ ಹುಡುಗಿಯಿಂದ ಓದಿಸಿದಳು. ಪಾಸು ಎಂಬ ಮಾತು ಕೇಳಿ ತಂಬಿಗೆ ಕೈಯಿಂದ ಜಾರಿತು. ಈಗ ಅದಕ್ಕೆ ಒಂದು ಬದಿಯಲ್ಲಿ ನೆಗ್ಗು ಬಿದ್ದಿದೆ. ಮೂರು ತಿಂಗಳಿಂದ ಎದೆಯ ಮೇಲೆ ಕಲ್ಲು ಹೊತ್ತವನಂತಿದ್ದೆ, ಆ ರಾತ್ರಿ ಹೊಟ್ಟೆ ತುಂಬ ಉಂಡು ಮಲಗಿದೆ. ಗುಡ್ಡವ್ವ ಹೇಳಿ ಕಳಿಸಿದ್ದನ್ನು ನಾಲ್ಕು ಸಲ ಓದಿದೆ. ಸಂಕ್ರಾಂತಿ ಮುಗಿದ ಮೇಲೆ ಮೂಡಲಗಿಗೆ ಹೋಗುತ್ತೇನೆ, ಅವಳಿಗೆ ಒಂದು ಪೆನ್ಸಿಲ್ ಪೆಟ್ಟಿಗೆ ಒಯ್ಯುತ್ತೇನೆ. ತಡವಾಗಿದೆ, ಆದರೂ ಒಯ್ಯುತ್ತೇನೆ.

ನೀನು ಒಂದು ರವಿವಾರ ಇಲ್ಲಿಗೆ ಬಾ. ಬರುವಾಗ ಆ ಪಿಟೀಲಿನ ಹಾಳೆ ತಾ. ನಾನು ಬೈಯುವುದಿಲ್ಲವೆಂದು ಮಾತು ಕೊಡಲಾರೆ, ಆದರೆ ಕೂತು ನೋಡುತ್ತೇನೆ. ಈ ನೆಗ್ಗಿದ ತಂಬಿಗೆಯನ್ನು ನಡುವೆ ಇಟ್ಟುಕೊಳ್ಳೋಣ. ನೆಗ್ಗು ಬಿದ್ದದ್ದು ಆಚೆಯ ಬದಿಗೆ, ನಾನು ಕೂಡುವ ಕಡೆಯಿಂದ ಕಾಣುವುದಿಲ್ಲ. ಅದನ್ನು ಹೇಗೆ ತೆಗೆಯುವುದೋ ನೀನು ತೋರಿಸು.

ಮೊದಲ ಕಾಗದದಲ್ಲಿ ನಿನಗೆ ಒಂದು ಮಾತು ಬರೆಯದೆ ಬಿಟ್ಟಿದ್ದೆ. ಪಂಚಮಿಯ ದಿನ ಚನ್ನವ್ವ ಆ ಚಿತ್ರ ಕೊಟ್ಟಳಲ್ಲ, ನಾನು ಅದನ್ನು ಬೈದು ಮೂಲೆಗೆ ಎಸೆದೆ. ದುಂಡವ್ವ ಎತ್ತಿಕೊಂಡು ಒಲೆಯ ಬೆಳಕಿಗೆ ಹಿಡಿದು ನೋಡಿದಳು. ನಾನು ಈ ಮನೆಯಲ್ಲಿ ಎಷ್ಟು ತಂಬಿಗೆ ತೆಗೆದಿರಬಹುದು, ಸಾವಿರ? ಅವಳು ನೋಡಿ ನೋಡಿ ಸುಮ್ಮನಿರುತ್ತಿದ್ದಳು. ಅವಳಿಗೆ ಚಿತ್ರ ತಿಳಿಯುವುದಿಲ್ಲವೆಂದು ನಾನೂ ಕೇಳುತ್ತಿರಲಿಲ್ಲ. ಆ ದಿನ ಮಾತ್ರ ಹಾಳೆಯ ಮೇಲಿನ ಆ ದುಂಡನೆಯ ಬಾಯಿಗೆ ಬೆರಳಿಟ್ಟು, "ಇದು ಚಲೋ ಐತಿ ನೋಡ್ರಿ. ನೀವು ತಗದ ತಂಬಿಗ್ಯಾಗ ನೀರ ಐತೋ ಇಲ್ಲೋ ಒಂದ ದಿನಾನೂ ಕಂಡಿಲ್ಲ" ಎಂದಳು.

ಆ ಮಾತಿಗೇ ನಿನಗೆ ಆ ಸಿಟ್ಟಿನ ಕಾಗದ ಬರೆದದ್ದು.

ನಿನ್ನ ಮಾಸ್ತರ,
ಶೆಟ್ಟೆಪ್ಪ